ಚಿಕ್ಕೂರಿನ ಮುಯ್ಯಿ

"ನಿನ್ನ ಕೈಲಿ ಫೋನ್ ಇಲ್ಲದಾಗ ನಿನ್ನ ಊರು ನಾನು ಕಾಯ್ತೀನಿ. ನೀನು ವಾಪಸ್ ಬರೋವರೆಗೆ ಅದು ಬೀಳಲ್ಲ. ಸಾಕಾ?"

ಮಗಳು ಚೈತ್ರಶ್ರೀ ಹತ್ತನೇ ಕ್ಲಾಸಿನಲ್ಲಿದ್ದಾಗ ನಾನು ಕೊಟ್ಟ ಮಾತು ಇದು. ಪರೀಕ್ಷೆ ಹತ್ತಿರ ಬಂದಿತ್ತು. ಹುಡುಗಿ ಫೋನ್ ಬಿಡುತ್ತಿರಲಿಲ್ಲ, ಕಸಿದುಕೊಂಡರೆ ಊಟ ಬಿಡುತ್ತಿದ್ದಳು. ಕೊನೆಗೆ ಅವಳೇ ಷರತ್ತು ಹಾಕಿದಳು: ಫೋನ್ ಕೊಡುತ್ತೇನೆ, ಆದರೆ ಚಿಕ್ಕೂರನ್ನು ನೀನು ನೋಡಿಕೊಳ್ಳಬೇಕು. ಪರೀಕ್ಷೆ ಮುಗಿಯುವವರೆಗೆ ತಾನೆ ಎಂದುಕೊಂಡು ಒಪ್ಪಿದೆ. ಮಾತಿಗೆ ಒಂದು ಗಡುವು ಹಾಕಬೇಕಿತ್ತು, ಹಾಕಲಿಲ್ಲ.

ಚಿಕ್ಕೂರು ಇರುವುದು ಈ ಭೂಮಿಯ ಮೇಲಲ್ಲ, ಫೋನಿನೊಳಗಿನ ಒಂದು ಆಟದಲ್ಲಿ. ಆಟದ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿದೆ, ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ. ಯಾವುದೋ ದೂರದ ಗ್ರಹ. ಆಕಾಶದಲ್ಲಿ ಎರಡು ಚಂದ್ರ, ಕೆಳಗೆ ಜಗಳೂರು ದಾಟಿದ ಮೇಲಿನ ಬಯಲಿನಂಥ ಬೋಳು ನೆಲ. ಅಲ್ಲಿಗೆ ಹೋದ ಮನುಷ್ಯರು ಗಾಜಿನ ಗುಮ್ಮಟ ಕಟ್ಟಿಕೊಂಡು, ಉಸಿರಾಡುವ ಗಾಳಿಯನ್ನೂ ತಾವೇ ಮಾಡಿಕೊಂಡು, ಕಾಳು ಬೆಳೆದುಕೊಂಡು ಬದುಕುತ್ತಾರೆ. ನೆಲದ ಕೆಳಗಿಂದ ಎಮ್ಮೆಯಷ್ಟು ದೊಡ್ಡ ಹುಳುಗಳು ಎದ್ದು ಬರುತ್ತವೆ. ಆಟದಲ್ಲಿ ಅವಕ್ಕೆ ಬೇರೇನೋ ಹೆಸರು, ನಮ್ಮ ಮನೆಯಲ್ಲಿ ಗೆದ್ದಲು. ಗೋಡೆ ಎಬ್ಬಿಸಿ, ತೋಪು ಹೂಡಿ, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಿ ಅವನ್ನು ತಡೆಯಬೇಕು. ತಡೆಯದಿದ್ದರೆ ಊರು ಅಳಿಸಿಹೋಗುತ್ತದೆ. ಮತ್ತೆ ಬರಿನೆಲ.

ಊರಿನ ಒಬ್ಬೊಬ್ಬರಿಗೂ ಹೆಸರಿಡಬಹುದು. ಚೈತ್ರ ಇಟ್ಟಿದ್ದಳು. ಕಣಜದ ಬಾಗಿಲಲ್ಲಿ ಸರ್ವಮಂಗಳಮ್ಮ, ಅಂದರೆ ನನ್ನ ಅತ್ತೆ. ನೀರಿನ ಯಂತ್ರಕ್ಕೆ ಷಣ್ಮುಖಪ್ಪ, ಅವಳಪ್ಪ. ಚನ್ನಗಿರಿಯಲ್ಲಿ ಅವರು ಅಡಿಕೆ ಮಂಡಿಯ ತೂಕಕ್ಕೆ ನಿಲ್ಲುವವರು. ಮುಂಬಾಗಿಲ ಗೋಡೆಯ ಮೇಲೆ, ತೋಪಿನ ಹಿಂದೆ, ಪ್ರಮೀಳಾ. ಅದು ನಾನು.

"ನನ್ನೇ ಯಾಕೆ ಮುಂದೆ ನಿಲ್ಸಿದೀಯ?" ಎಂದು ಕೇಳಿದ್ದೆ.

"ನೀನು ದಿನಾ ಬಸ್ಸಿನ ಬಾಗ್ಲಾಗೇ ನಿಲ್ತೀಯಲ್ಲ. ಅಭ್ಯಾಸ ಐತೆ."

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಚನ್ನಗಿರಿಯಿಂದ ಹೊರಟು ಸಾಸ್ವೆಹಳ್ಳಿ, ಹೊನ್ನಾಳಿ, ನ್ಯಾಮತಿ. ಮತ್ತೆ ಅದೇ ದಾರಿಯಲ್ಲಿ ವಾಪಸ್.

ಅತ್ತೆಗೆ ಆ ಆಟ ಕಂಡರೆ ಆಗುತ್ತಿರಲಿಲ್ಲ. ಆದರೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಬಂದು ಕೇಳುವರು.

"ನಾನು ಅದೀನಾ?"

"ಅದೀರಿ ಅತ್ತೆ."

"ಏನ್ ಮಾಡ್ತಿದೀನಿ?"

"ಕಣಜ ಕಾಯ್ತಿದೀರಿ."

"ಅಲ್ಲೂ ಅದೇ ಕೆಲ್ಸನಾ?" ಎಂದು ಗೊಣಗಿಕೊಂಡು ಒಳಗೆ ಹೋಗುವರು.

ಹತ್ತನೇ ಕ್ಲಾಸು ಮುಗಿಯಿತು, ಪಿಯುಸಿ ಬಂತು, ಡಿಗ್ರಿ ಬಂತು. ಪ್ರತಿ ಪರೀಕ್ಷೆಗೂ ಫೋನ್ ನನ್ನ ಕೈಗೆ, ಚಿಕ್ಕೂರು ನನ್ನ ತಲೆಗೆ. ಆಮೇಲೆ ಚೈತ್ರ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದು ಆಯ್ಕೆಯಾದಳು. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ನಮ್ಮ ಮನೆಯವರ ಅಣ್ಣ ಕೊಟ್ರಬಸಪ್ಪನವರು ಬಂದು, "ಹೆಣ್ಣುಡುಗಿ ಲಾಠಿ ಹಿಡ್ದು ಯಾರ್ನ ಹೊಡ್ಯಾಕೆ ಹೋಗ್ತಾಳೆ? ಬಿಸ್ಲಾಗೆ ಎರಡು ದಿನ ಓಡ್ಸಿದ್ರೆ ತಾನೇ ಬರ್ತಾಳೆ ಬಿಡ್ರಿ" ಎಂದು ನಕ್ಕು ಟೀ ಕುಡಿದು ಹೋದರು. ಅವಳು ಹೊರಟಳು. ಟ್ರೇನಿಂಗಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ಅಮ್ಮ, ಮಾತು ನೆನಪೈತಲ್ಲ?" ಎಂದಳು.

"ಐತೆ, ಬಸ್ ಹತ್ತು."

ಹೀಗೆ ನನ್ನ ಚೀಲದಲ್ಲಿ ಟಿಕೆಟ್ ಮಷಿನ್ನಿನ ಪಕ್ಕ ಚಿಕ್ಕೂರು ಓಡಾಡತೊಡಗಿತು. ಬಸ್ ಓಡುವಾಗ ಮುಟ್ಟುತ್ತಿರಲಿಲ್ಲ. ನ್ಯಾಮತಿಯಲ್ಲಿ ಟೀಗೆ ನಿಂತಾಗ ತೆಗೆದು ಗೋಡೆಯ ಬಿರುಕು ಮುಚ್ಚಿಸಿ, ಕಾಳು ಒಳಗೆ ಹಾಕಿಸಿ ಮತ್ತೆ ಚೀಲಕ್ಕೆ. ಡ್ರೈವರ್ ರಘುನಾಥ, "ಏನಕ್ಕಾ, ನಿಮ್ಮೂರಾಗೆ ಮಳೆ ಬೆಳೆ ಹೆಂಗೈತೆ?" ಎಂದು ರೇಗಿಸುತ್ತಿದ್ದ.

ಆಟದಲ್ಲಿ ಒಂದೇ ಗುಡ್ಡದ ಸುತ್ತ ನಾಲ್ಕು ಊರುಗಳಿರುತ್ತವೆ. ನಮ್ಮ ಗುಡ್ಡದಲ್ಲಿ ಉಳಿದ ಮೂರೂ ನಮ್ಮ ಸೀಮೆಯವರವೇ, ಚೈತ್ರ ಪರಿಚಯ ಮಾಡಿಕೊಂಡು ಸೇರಿಸಿದ್ದಳು. ಜಗಳೂರಿನ ಲಕ್ಷ್ಮಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ಮಗನಿಂದ ಆಟ ಕಲಿತು ಮಗನನ್ನೇ ಮೀರಿಸಿದವಳು. ಹೊನ್ನಾಳಿಯ ಭೀಮೇಶ್ ಆಟೋ ಓಡಿಸುತ್ತಾನೆ. ನ್ಯಾಮತಿಯ ಸುದೀಪ್‌ಗೆ ಮೊಬೈಲ್ ರಿಪೇರಿ ಅಂಗಡಿ. ಆಡುವಾಗ ನಾಲ್ವರೂ ಒಂದೇ ಫೋನ್ ಕಾಲ್‌ನಲ್ಲಿ ಸೇರಿ ಮಾತಾಡಿಕೊಳ್ಳುತ್ತಿದ್ದೆವು. ಮುಖ ನೋಡಿದ್ದು ಸುದೀಪನದು ಮಾತ್ರ. ಅವನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇದೆ.

ಟ್ರೇನಿಂಗಿನಿಂದ ಭಾನುವಾರ ಒಂದಿಷ್ಟು ಹೊತ್ತು ಮಾತಾಡಲು ಬಿಡುತ್ತಿದ್ದರು. ಮೊದಮೊದಲು ಚೈತ್ರ ನಗುತ್ತಲೇ ಮಾತಾಡಿದಳು. ಒಂದು ಭಾನುವಾರ ಫೋನ್ ಎತ್ತಿದರೆ ಮಾತೇ ಇಲ್ಲ, ಮೂಗು ಎಳೆದುಕೊಳ್ಳುವ ಸದ್ದು ಮಾತ್ರ.

"ಏನಾತೇ?"

"ಕಾಲು ಊದಿ ಬೂಟಿಗೆ ಹೋಗ್ತಿಲ್ಲ ಅಮ್ಮ. ಎಲ್ಲಾರಿಗಿಂತ ಹಿಂದೆ ಓಡೋದು ನಾನೇ. ನನ್ ಜೊತೆ ಬಂದೋರು ಇಬ್ರು ಬಿಟ್ಟು ಹೋದ್ರು."

ಆಮೇಲೆ ಅವಳೇ ಕೇಳಿದಳು.

"ಚಿಕ್ಕೂರು ಐತಾ?"

"ಐತೆ."

"ದಿಟ ಹೇಳು."

"ದಿಟ ಕಣೆ. ನಿಮ್ಮಜ್ಜಿನೂ ಅದಾರೆ, ಕಣಜದ ಹತ್ರ."

"ಹಂಗಾರೆ ಅದು ಇರೋವರ್ಗೆ ನಾನೂ ಇರ್ತೀನಿ. ಅದು ಬಿದ್ರೆ ಹೇಳು, ಬ್ಯಾಗ್ ಕಟ್ತೀನಿ. ಸುಳ್ಳು ಮಾತ್ರ ಹೇಳ್ಬೇಡ ಅಮ್ಮ, ನಂಗೆ ಗೊತ್ತಾಗ್ತೈತೆ."

ಲೈನ್ ಹೋಯಿತು. ಹುಡುಗಾಟದ ಮಾತು ಎಂದು ಬೇರೆಯವರಿಗೆ ಅನ್ನಿಸಬಹುದು. ಆದರೆ ಮುಳುಗುವವರು ಹಿಡಿದುಕೊಂಡ ಕಡ್ಡಿ ಎಷ್ಟು ದಪ್ಪ ಎಂದು ದಂಡೆಯ ಮೇಲೆ ನಿಂತವರು ಅಳೆಯಬಾರದು. ಅವಳು ಹಿಡಿದಿದ್ದು ಚಿಕ್ಕೂರು. ಇನ್ನು ಅದು ಬೀಳುವ ಹಾಗಿರಲಿಲ್ಲ.

ಆ ವಾರವೇ ಆಟದಲ್ಲಿ ಡಂಗುರವಾಯಿತು: ದೊಡ್ಡ ದಂಡು ಬರುತ್ತಿದೆ. ನಾಲ್ಕೂ ಊರಿನ ಮೇಲೆ ಬರುತ್ತದೆ, ಆದರೆ ಒಂದಾದ ಮೇಲೊಂದು. ಮೊದಲು ಲಕ್ಷ್ಮಕ್ಕನ ಊರು, ಆಮೇಲೆ ಭೀಮೇಶನದು, ಸುದೀಪನದು, ಕೊನೆಗೆ ನಮ್ಮದು. ಗುಂಪಿನಲ್ಲಿ ಸುದೀಪ್ ಮೊದಲು ಬಾಯಿಬಿಟ್ಟ.

"ಆಂಟಿ, ಇದನ್ನ ತಡ್ಯಾಕೆ ಆಗಲ್ಲ. ಬೇರೆ ಗುಡ್ಡದೋರೆಲ್ಲ ಹಡಗು ಹತ್ತಿಸ್ತಿದಾರೆ. ನಾವೂ ಹತ್ತಿಸ್ಬಿಡಣ."

ಹಡಗು ಎಂದರೆ ಮೂಲೆಯಲ್ಲಿ ಮಿನುಗುವ ಒಂದು ಗುಂಡಿ. ಗೋಡೆ ಒಡೆಯುವ ಹೊತ್ತಿಗೆ ತಾನೇ ಕಣ್ಣು ಹೊಡೆಯಲು ಶುರು ಮಾಡುತ್ತದೆ. ಒತ್ತಿದರೆ ಜನ ಹಡಗು ಹತ್ತಿ ಬೇರೆ ಗ್ರಹಕ್ಕೆ ಹೋಗುತ್ತಾರೆ, ಅಲ್ಲಿ ಇನಾಮು ಕೂಡ ಉಂಟು. ಇಲ್ಲಿನ ಊರು ಹಾಳು ಬೀಳುತ್ತದೆ.

"ಹಡಗಿನ ಮಾತು ಬೇಡ," ಎಂದೆ. "ಮುಯ್ಯಿ ಮಾಡಣ."

"ಮುಯ್ಯಿ ಅಂದ್ರೆ, ಮದುವೇಲಿ ಓದ್ಸೋದಾ?"

"ಅದಲ್ಲಪ್ಪ. ನಲ್ಲೂರಾಗೆ ನಮ್ಮ ತವರುಮನೇಲಿ ಅಡಿಕೆ ಸುಲಿಯಾಕೆ ಮಾಡ್ತಿದ್ವಲ್ಲ, ಅದು. ಇವತ್ತು ಓಣಿ ಹೆಂಗಸರೆಲ್ಲ ನಿಮ್ಮನೆ ಅಡಿಕೆ ಸುಲಿದು ಕೊಡೋದು, ನಾಳೆ ನೀವೆಲ್ಲ ನಮ್ಮನೆಗೆ ಬರೋದು. ಕೂಲಿ ಇಲ್ಲ. ಆಳಿಗೆ ಆಳು. ಗೆದ್ದಲು ಒಂದೇ ಸಲ ನಾಲ್ಕೂ ಕಡೆ ಬರಲ್ಲ ಅಲ್ವಾ? ಲಕ್ಷ್ಮಕ್ಕನ ಊರಿಗೆ ಬಂದಾಗ ನಮ್ಮ ಆಳೆಲ್ಲ ಅಲ್ಲಿಗೆ. ಆಮೇಲೆ ಎಲ್ಲ ಭೀಮೇಶಣ್ಣನ ಊರಿಗೆ."

"ಅಷ್ಟೊತ್ತು ನಮ್ಮ ಗೋಡೆ ಬರಿದು ಇರ್ತೈತಲ್ಲ ಅಕ್ಕ," ಎಂದ ಭೀಮೇಶ್.

"ಇರ್ತೈತೆ. ಮುಯ್ಯಿಗೆ ಹೋದ ದಿನ ನಮ್ಮ ಅಡಿಕೆನೂ ಅಂಗಳದಾಗೆ ಹಂಗೇ ಇರ್ತಿತ್ತು. ಮಾರನೇ ದಿನ ಎಲ್ಲಾರೂ ಬರ್ತಾರೆ ಅನ್ನೋ ನಂಬಿಕೆ ಮ್ಯಾಲೆ ಹೋಗ್ತಿದ್ವಿ."

ಲಕ್ಷ್ಮಕ್ಕ, "ನಮ್ ಕಡೆ ಸೇಂಗಾ ಕೀಳಾಕೆ ಹಿಂಗೇ ಮಾಡ್ತೀವಿ. ನಾನು ಸೈ," ಎಂದಳು. ಗಂಡಸರಿಬ್ಬರೂ ಗೊಣಗಿಕೊಂಡು ಒಪ್ಪಿದರು.

ಆಳನ್ನು ಪಕ್ಕದೂರಿಗೆ ಕಳಿಸುವ ದಾರಿ ಆಟದಲ್ಲಿ ಮೊದಲಿಂದಲೂ ಇತ್ತು. ಸಿಪಾಯಿಯನ್ನೇ ಕಳಿಸಬೇಕೆಂದಿಲ್ಲ, ಯಾರನ್ನಾದರೂ ಕಳಿಸಬಹುದು; ಎಲ್ಲಿದ್ದರೂ ಎಣಿಕೆಯಲ್ಲಿ ನಮ್ಮ ಊರಿನವರೇ. ತನ್ನ ಗೋಡೆ ಬರಿದಾಗುವ ಭಯಕ್ಕೆ ಯಾರೂ ಕಳಿಸುತ್ತಿರಲಿಲ್ಲ, ಅಷ್ಟೆ. ನಾವು ಕಳಿಸಿದೆವು. ಲಕ್ಷ್ಮಕ್ಕನ ಗೋಡೆಯ ಮೇಲೆ ನಾಲ್ಕು ಊರಿನ ಆಳು ನಿಂತಾಗ ಗೆದ್ದಲು ಅಲ್ಲಿ ತಲೆ ಎತ್ತಲಾಗಲಿಲ್ಲ. ಅಲ್ಲಿಂದ ಭೀಮೇಶನ ಊರು, ಸುದೀಪನ ಊರು. ಮೂರೂ ನಿಂತವು.

ತಪ್ಪಾದದ್ದು ಬೇರೆ ಕಡೆ. ಶನಿವಾರ ನ್ಯಾಮತಿಯಲ್ಲಿ ಬಸ್ ನಿಂತಾಗ ಸುದೀಪ್ ಓಡಿಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡು ನೋಡಿದ.

"ಆಂಟಿ, ನಿಮ್ ಕಣಜ ಯಾಕೆ ಖಾಲಿ ಐತೆ?"

"ನಾಳೆ ನಮ್ಮೂರಿನ ಸರದಿ ಅಲ್ವಾ, ಬೆಳಿಗ್ಗೆನೇ ನಿಮ್ಮ ಆಳೆಲ್ಲ ಬಂದು ನಿಂತ್ರು. ಊಟ ಹಾಕಿದೆ."

"ಯಾರಿಗೆ?"

"ಎಲ್ಲಾರಿಗೂ. ಅವರ ತಲೆ ಮ್ಯಾಲೆ ಪಾತ್ರೆ ಚಿತ್ರ ಬರ್ತೈತಲ್ಲ, ಒತ್ತಿದ್ರೆ ನಮ್ಮ ಕಣಜದಿಂದ ಊಟ ಹೋಗ್ತೈತೆ. ಮೊದಲ್ನೇ ಪಂಕ್ತಿಗೆ ಬಡಿಸಿದೆ, ಮತ್ತೆ ಬಂತು, ಮತ್ತೆ ಬಡಿಸಿದೆ."

ಸುದೀಪ್ ತಲೆ ಹಿಡಿದುಕೊಂಡ. "ಅವರು ಬುತ್ತಿ ತಂದಿರ್ತಾರೆ ಆಂಟಿ. ಆ ಪಾತ್ರೆ ಸುಮ್ನೆ ಶೋಕಿಗೆ. ಒತ್ತಿದ್ರೆ ಅವರು ಒಂಚೂರು ನಗ್ತಾರೆ, ಅಷ್ಟೇ. ಯಾರೂ ಒತ್ತಲ್ಲ ಅದನ್ನ."

"ನಮ್ಮ ಕೆಲ್ಸಕ್ಕೆ ಬಂದೋರ್ನ ಉಪವಾಸ ನಿಲ್ಸಾಕೆ ಆಗ್ತೈತೇನೋ?"

ಗುಂಪಿನಲ್ಲಿ ಕೇಳಿದರೆ ಲಕ್ಷ್ಮಕ್ಕನೂ ಹಾಗೇ ಮಾಡಿದ್ದಳು. ಶಾಲೆ ತುಂಬ ಮಕ್ಕಳಿಗೆ ಬಡಿಸಿದ ಕೈ, ಅವಳ ಕಣಜದಲ್ಲಿ ನೆಲ ಕಾಣುತ್ತಿತ್ತು. ಇಷ್ಟು ಹೊತ್ತು ನಮ್ಮನ್ನು ಬೈದ ಸುದೀಪನ ಕಣಜವೂ ತಳಕ್ಕೆ ಬಂದಿತ್ತು. "ಲಕ್ಷ್ಮಕ್ಕ ಹಾಕಿದ್ರು, ನಾನು ಹಾಕ್ದಿದ್ರೆ ಏನಂದ್ಕೋತೀರಿ ಅಂತ," ಎಂದ. ಊಟ ಹಾಕದವನು ಭೀಮೇಶ್ ಒಬ್ಬನೇ.

"ನಮ್ಮ ಆಳು ನಿಮ್ಮೂರಾಗೆ ಹಸ್ಕಂಡು ನಿಂತಿದ್ವೇನೋ ಜಿಪುಣ?" ಎಂದು ಲಕ್ಷ್ಮಕ್ಕ ಬಿಡಲಿಲ್ಲ.

"ನಂಗೆ ಆ ಪಾತ್ರೆನೇ ಕಾಣ್ಲಿಲ್ಲ ಕಣಕ್ಕ, ಫೋನಿನ ಗಾಜು ಒಡ್ದೈತೆ," ಎಂದು ಅವನು ನಾಚಿಕೊಂಡ.

ಕಣಜ ಬರಿದಾದ ಊರಿನ ಜನ ಒಬ್ಬೊಬ್ಬರಾಗಿ ಕುಸಿಯುತ್ತಾರೆ. ಜನ ಕುಸಿದ ಮೇಲೆ ಗೋಡೆ ಎಷ್ಟು ಗಟ್ಟಿಯಿದ್ದರೇನು? ಇನ್ನೊಂದು ಬೆಳೆ ಕೈಗೆ ಬರುವುದು ದಂಡು ಬಂದುಹೋದ ಮೇಲೆ. ಕಾಳನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸಲು ಆಟದಲ್ಲಿ ದಾರಿಯಿಲ್ಲ.

ಭಾನುವಾರ ನನಗೆ ರಜೆ. ದಂಡು ಬರುವುದು ಮಧ್ಯಾಹ್ನ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಚೈತ್ರಳ ಫೋನಿನಲ್ಲಿ ಊರು, ನನ್ನ ಫೋನಿನಲ್ಲಿ ಉಳಿದ ಮೂವರ ದನಿ ಇಟ್ಟುಕೊಂಡು ಸಿದ್ಧವಾದೆ. ಅಷ್ಟರಲ್ಲಿ ಕೊಟ್ರಬಸಪ್ಪ ಭಾವ ಬಂದರು. ನಮ್ಮ ಮನೆಯವರು ಕುರ್ಚಿ ಹಾಕಿದರು.

"ಪ್ರಮೀಳಾ, ತ್ಯಾವಣಿಗೆ ಕಡೆ ಒಂದು ಗಂಡು ಐತೆ. ಒಳ್ಳೇ ಮನೆ. ಇವತ್ತು ಹುಡುಗಿ ಫೋನ್ ಮಾಡಿದ್ರೆ ಬಿಟ್ಟು ಬಾ ಅಂತ ಹೇಳು. ಹೆಂಗೂ ಅಳ್ತಾ ಅದಾಳಂತಲ್ಲ."

"ಅಳ್ತಾ ಓಡ್ತಾ ಅದಾಳೆ ಭಾವ. ನಿಂತಿಲ್ಲ."

"ನೀನೇನು ಆ ಫೋನ್ ಹಿಡ್ಕಂಡು ಕೂತಿದೀಯ? ವಯಸ್ಸೆಷ್ಟು ನಿಂದು?"

ಆ ಹೊತ್ತಿಗೆ ಚಿಕ್ಕೂರಿನ ಮುಂದೆ ನೆಲ ಉಬ್ಬತೊಡಗಿತು. ನಾಲ್ಕೂ ಊರಿನ ಆಳು ಗೋಡೆಯ ಮೇಲಿದ್ದರು. ಮೊದಲ ಸಾಲು ಗೆದ್ದಲು ಸುಟ್ಟುಹೋಯಿತು, ಎರಡನೆಯದೂ ಹೋಯಿತು. ಆದರೆ ಒಳಗೆ ಗುಮ್ಮಟದಲ್ಲಿ ನಮ್ಮ ಜನರ ತಲೆಯ ಮೇಲಿನ ಹಸಿರು ಗೆರೆಗಳು ಕೆಂಪಾಗುತ್ತಿದ್ದವು. ಹಸಿವು. ಮೂಲೆಯಲ್ಲಿ ಹಡಗು ಮಿನುಗತೊಡಗಿತು.

"ಆಂಟಿ, ಒತ್ತಿಬಿಡ್ರಿ," ಎಂದ ಸುದೀಪ್. "ಜನ ಆದ್ರೂ ಉಳೀತಾರೆ."

ಭಾವ ಕುರ್ಚಿಯಿಂದ ಬಗ್ಗಿ ನೋಡಿದರು. "ಹಡಗು ಐತಲ್ಲ, ಹತ್ತಿಸಿ ಕಳ್ಸು. ಸೋತಂಗೂ ಆಗಲ್ಲ."

"ಸೋತಂಗೆ ಆಗಲ್ಲ ಭಾವ. ಬಿಟ್ಟು ಓಡಿದಂಗೆ ಆಗ್ತೈತೆ. ನಾನೇ ಇಲ್ಲಿ ಬಿಟ್ಟು, ಅಲ್ಲಿ ಅವಳಿಗೆ ಬಿಡಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಆಟಕ್ಕೂ ಬದುಕಿಗೂ ಏನೇ ಸಂಬಂಧ?"

"ಸುಮ್ನಿರೋ ಕೊಟ್ರ," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ನಾನು ಅದ್ರೊಳಗೆ ಅದೀನಿ."

ಅತ್ತೆ ಬಂದು ನನ್ನ ಪಕ್ಕ ಕೂತು ಕನ್ನಡಕ ಏರಿಸಿದರು. "ಏನಾಗ್ತೈತೆ, ಬಿಡಿಸಿ ಹೇಳು."

"ಜನಕ್ಕೆ ಊಟ ಇಲ್ಲ ಅತ್ತೆ. ಕಣಜದ ತಳದಾಗೆ ಇರೋ ಒಂಚೂರು ಗೋಡೆ ಕಾಯೋರಿಗೆ ಮಾತ್ರ ಸಾಲ್ತೈತೆ. ಹೊನ್ನಾಳಿ ಭೀಮೇಶಣ್ಣನ ಕಣಜ ತುಂಬೈತೆ, ಆದ್ರೆ ಕಾಳು ಇಲ್ಲಿಗೆ ತರಾಕೆ ಆಗಲ್ಲ."

"ಕಾಳು ಯಾಕೆ ತರ್ತೀಯ? ಜನ ಕಳ್ಸು. ಮುಯ್ಯಿಗೆ ಹೋದೋರಿಗೆ ಊಟ ಹೋದ ಮನೇಲಿ ಅಲ್ವೇನೆ?"

ಇನ್ನೊಂದು ಫೋನಿನಲ್ಲಿ ಭೀಮೇಶ್ ಅದನ್ನು ಕೇಳಿಸಿಕೊಂಡಿದ್ದ.

"ಕಳಿಸ್ರಕ್ಕ, ಎಲ್ಲಾರ್ನೂ ಕಳಿಸ್ರಿ. ಬುತ್ತಿ ಇಲ್ದೆ ಬಂದೋರಿಗೆ ಆ ಪಾತ್ರೆನೇ ಹೊಟ್ಟೆ ತುಂಬಿಸ್ತೈತೆ, ಅದು ಎಲ್ಲೈತೆ ಅಂತ ಈಗ ಗೊತ್ತಾಗೈತೆ. ನಾನೇ ಬಡಿಸ್ತೀನಿ."

"ಜಿಪುಣನ ಪಾಪ ಇವತ್ತು ಕಳೀತು," ಎಂದಳು ಲಕ್ಷ್ಮಕ್ಕ.

ಹಿಂಬಾಗಿಲು ತೆಗೆದೆ. ಗೋಡೆ ಕಾಯುವವರನ್ನು ಬಿಟ್ಟು ಉಳಿದವರನ್ನೆಲ್ಲ ಭೀಮೇಶನ ಊರಿಗೆ ಕೆಲಸಕ್ಕೆಂದು ಬರೆದು ಕಳಿಸಿದೆ. ನೀರಿನ ಯಂತ್ರದ ಷಣ್ಮುಖಪ್ಪ ಹೊರಟರು.

"ನಾನೂ ಹೋಗ್ಬೇಕಾ?" ಎಂದರು ಅತ್ತೆ.

"ಹೂಂ ಅತ್ತೆ, ಹೊನ್ನಾಳಿಗೆ."

"ಸರಿ, ಕಳ್ಸು. ಉಂಡಾದ್ಮೇಲೆ ವಾಪಸ್ ಕರಸ್ಕೋ. ಮತ್ತೊಬ್ರ ಮನೇಲಿ ಜಾಸ್ತಿ ದಿನ ಇರಬಾರ್ದು."

ಕೆಂಪು ನೆಲದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಅವರು ಗುಡ್ಡ ಸುತ್ತಿ ನಡೆದರು. ಅತ್ತ ಅವರ ಗೆರೆಗಳು ಒಂದೊಂದೇ ಹಸಿರಾದವು. ಇತ್ತ ಮುಂಬಾಗಿಲಿಗೆ ದಂಡಿನ ಕೊನೆಯ ಸಾಲು ಬಂದು ಬಡಿಯಿತು. ಇಂಥ ಗೆದ್ದಲನ್ನು ನಾನು ಆವರೆಗೆ ನೋಡಿರಲಿಲ್ಲ. ತೆರೆಯ ಅಗಲಕ್ಕೂ ಅದೇ. ಗೋಡೆ ಸೀಳಿತು. ಸುದೀಪ್ ಆಳನ್ನು ಎಡಕ್ಕೆ ಎಳೆದ, ಲಕ್ಷ್ಮಕ್ಕ ಬಲಕ್ಕೆ ತುಂಬಿದಳು, ನಡುವೆ ಒಂದೇ ತೋಪು ಉಳಿಯಿತು. ಅದರ ಹಿಂದೆ ಪ್ರಮೀಳಾ. ಹಡಗು ಇನ್ನೂ ಮಿನುಗುತ್ತಲೇ ಇತ್ತು. ಹೆಬ್ಬೆರಳು ಅತ್ತ ಹೋಗದಂತೆ ಸೆರಗಿನ ತುದಿಯಿಂದ ಆ ಮೂಲೆಯನ್ನೇ ಮುಚ್ಚಿದೆ.

ತೋಪು ಗುಂಡು ಹಾರಿಸುತ್ತಲೇ ಹೋಯಿತು. ಗೆದ್ದಲು ತೋಪನ್ನು ಮುಟ್ಟಿತು, ಪ್ರಮೀಳಾಳ ತಲೆಯ ಮೇಲಿನ ಗೆರೆ ಆರಿಹೋಯಿತು. ಅಷ್ಟರಲ್ಲಿ ಎಡಬಲದ ಆಳು ಎರಡೂ ಕಡೆಯಿಂದ ಮುತ್ತಿಕೊಂಡರು. ಗೆದ್ದಲು ಕುಸಿಯಿತು. ಧೂಳು. ಆಮೇಲೆ ತೆರೆಯ ಮೇಲೆ ಏನೂ ಅಲುಗಾಡಲಿಲ್ಲ.

"ನಿಂತೈತೆ," ಎಂದ ಸುದೀಪ್, ತನಗೇ ಹೇಳಿಕೊಂಡವನಂತೆ.

ಸೆರಗು ತೆಗೆದೆ. ಹಡಗಿನ ಗುಂಡಿ ಅಲ್ಲಿರಲಿಲ್ಲ.

"ಮುಗೀತಾ?" ಎಂದರು ಭಾವ. "ಈಗಾದ್ರೂ ಹೇಳು, ತ್ಯಾವಣಿಗೆಯೋರಿಗೆ ಏನಂತ ಹೇಳ್ಲಿ?"

"ಹುಡುಗಿ ಕೆಲಸದ ಮ್ಯಾಲೆ ಅದಾಳೆ ಅಂತ ಹೇಳ್ರಿ. ಬರೋದಾದ್ರೆ ಯೂನಿಫಾರ್ಮ್ ಹಾಕ್ಕೊಂಡೇ ಬರ್ತಾಳೆ. ಅದು ನೋಡಿ ಒಪ್ಪೋರಿದ್ರೆ ಆವಾಗ ಬರ್ಲಿ."

ಅವರು ಎದ್ದು ನಿಂತು ತಮ್ಮನ ಕಡೆ ನೋಡಿದರು. ನಮ್ಮ ಮನೆಯವರು ಕುರ್ಚಿ ಮಡಚತೊಡಗಿದ್ದರು.

ಸಂಜೆ ಚೈತ್ರಳ ಫೋನ್ ಬಂತು. "ಐತಾ?" ಎಂದಳು. "ಐತೆ," ಎಂದೆ. ಮತ್ತೇನೂ ಕೇಳಲಿಲ್ಲ.

ಟ್ರೇನಿಂಗ್ ಮುಗಿಸಿ ಅವಳು ಬಂದಾಗ ನಾನು ಡ್ಯೂಟಿ ಬಿಟ್ಟು ಆಗತಾನೇ ಮನೆಗೆ ಬಂದಿದ್ದೆ. ಬಿಸಿಲಿಗೆ ಕಪ್ಪಾಗಿದ್ದಳು, ಕೆನ್ನೆ ಇಳಿದಿತ್ತು, ಹೆಜ್ಜೆ ನೆಲಕ್ಕೆ ಬೀಳುವ ಸದ್ದು ಬೇರೆಯಾಗಿತ್ತು. ಬೂಟು ಬಿಚ್ಚುವ ಮೊದಲೇ ಕೈ ಚಾಚಿದಳು. ಫೋನ್ ಕೊಟ್ಟೆ. ಪಡಸಾಲೆಯಲ್ಲಿ ನಿಂತೇ ನೋಡಿದಳು. ಗೋಡೆ, ಗುಮ್ಮಟ, ನೀರಿನ ಯಂತ್ರ, ಹೊಸ ಬೆಳೆ ತುಂಬಿದ ಕಣಜ.

"ಅಮ್ಮ, ಮುಂಬಾಗಿಲ ತೋಪಿನ ಹಿಂದೆ ಯಾರೂ ಇಲ್ಲ."

"ನಾನು ಸತ್ತೆ ಕಣೆ."

"ನೀನೊಬ್ಳೇನಾ?"

"ಅವಳೊಬ್ಳೇ," ಎಂದರು ಅತ್ತೆ. "ನಾವೆಲ್ಲ ಹೊನ್ನಾಳಿಗೆ ಊಟಕ್ಕೆ ಹೋಗಿದ್ವಿ."

ಚೈತ್ರ ನಗಲಿಲ್ಲ. ತೋಪಿನ ಹಿಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು ನಿಂತಳು. "ಇಲ್ಲಿ ಯಾರ್ನ ನಿಲ್ಲಿಸ್ಲಿ?"

"ನಿಮ್ ದೊಡ್ಡಪ್ಪನ್ನ ನಿಲ್ಸು," ಎಂದರು ಅತ್ತೆ. "ಕುರ್ಚಿ ಮ್ಯಾಲೆ ಕೂತು ಮಾತಾಡಾದು ಬಿಡ್ಲಿ."

ಆಗ ನಕ್ಕಳು. ನಾನು ಅವಳ ಬೂಟಿನ ಗಂಟು ಬಿಚ್ಚಲು ಬಗ್ಗಿದೆ. ಬೇಡವೆಂದು ಕಾಲು ಹಿಂದಕ್ಕೆಳೆದುಕೊಂಡು ತಾನೇ ಬಿಚ್ಚಿಕೊಂಡಳು.

ಅವಳು ವಾಪಸ್ ಬಂದಳು. ಚಿಕ್ಕೂರು ಬಿದ್ದಿರಲಿಲ್ಲ. ಕೊಟ್ಟ ಮಾತು ನಡೆಯಿತು.